ಮೊದಲು ಹಾಡುವವರ ಪಾಡು

ಸಂಗೀತ ಸಭೆಯ ಕರೆಯೋಲೆಯನ್ನು ರಸಿಕರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ದಪ್ಪ ಅಕ್ಷರದಲ್ಲಿ ಅಚ್ಚಾದ ಹೆಸರು ಕೆಳಗಿರುತ್ತದೆ. ಅದನ್ನು ಓದಿ, ಸಾಥಿಗೆ ಯಾರು ಯಾರೆಂದು ನೋಡಿ, ವೇಳೆಯನ್ನು ಗುರುತು ಮಾಡಿಕೊಂಡು ಓಲೆಯನ್ನು ಜೇಬಿಗಿಳಿಸುತ್ತಾರೆ. ಮೇಲ್ಗಡೆ, ಸ್ವಾಗತ, ದೀಪ ಬೆಳಗುವದು, ಅಧ್ಯಕ್ಷರ ಎರಡು ಮಾತು ಇವುಗಳ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು 'ಪ್ರಾರಂಭದಲ್ಲಿ ಗಾಯನ' ಎಂಬ ಸಣ್ಣಕ್ಷರದ ಸಾಲೊಂದಿರುತ್ತದೆ. ಆ ಸಾಲನ್ನು ಓದುವವರು ಅದರಲ್ಲಿ ಹೆಸರಿದ್ದವರ ತಂದೆತಾಯಿಗಳು. ಅವರನ್ನು ಬಿಟ್ಟರೆ ನಾನು.

ನಾನು ಓದುವದಕ್ಕೆ ರಸಿಕತನ ಕಾರಣವಲ್ಲ, ರೇಲ್ವೆ ಕಾರಣ. ನಾನಿರುವದು ಖಾನಾಪುರದಲ್ಲಿ. ಬೆಳಗಾವಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ಹಾದಿ. ನಡುವೆ ಇದಲಹೊಂಡ, ದೇಸೂರು. ಮಾಸ್ತರಿಕೆಯ ಕಾಲದಿಂದಲೂ ಸಂಜೆಯ ಗಾಡಿಗೆ ಹೋಗಿ ರಾತ್ರಿಯ ಗಾಡಿಗೆ ತಿರುಗಿ ಬರುವದು ನನ್ನ ರೂಢಿ. ಸಂಜೆಯ ಗಾಡಿ ನನ್ನನ್ನು ಸಭೆಗೆ ಒಂದು ತಾಸು ಮುಂಚೆಯೇ ಇಳಿಸುತ್ತಿತ್ತು. ಆಗಿನ್ನೂ ಜಮಖಾನೆ ಹಾಸುತ್ತಿರುತ್ತಿದ್ದರು. ರಾತ್ರಿಯ ಗಾಡಿಯೋ, ಹಿರಿಯ ಗವಾಯಿಗಳು ಬಡಾಖ್ಯಾಲಿನ ಅಂತರೆಗೆ ಬರುವಷ್ಟರಲ್ಲಿ ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿತ್ತು. ಹೀಗೆ ನಲವತ್ತು ವರ್ಷ ನಾನು ಮೊದಲು ಹಾಡುವವರನ್ನು ಪೂರ್ತಿಯಾಗಿಯೂ ಕೊನೆಗೆ ಹಾಡುವವರನ್ನು ಅರ್ಧವಾಗಿಯೂ ಕೇಳುತ್ತ ಬಂದಿದ್ದೇನೆ. 'ಭೈರವಿ ಹ್ಯಾಂಗಾತ್ರೀ ಮಾಸ್ತರ?' ಎಂದು ಮರುದಿನ ಯಾರಾದರೂ ಕೇಳಿದರೆ, 'ಆ ಹೊತ್ತಿಗೆ ನಾ ದೇಸೂರು ದಾಟಿದ್ದೆ' ಎನ್ನುವದೇ ನನ್ನ ಉತ್ತರ. ಇಂಥ ವಿಮರ್ಶಕನಿಂದ ಪಂಡಿತರಿಗೇನೂ ಲಾಭವಿಲ್ಲ. ಆದರೆ ಮೊದಲು ಹಾಡುವವರ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಬಂದಿದೆಯೆಂದು ತಿಳಿದಿದ್ದೇನೆ.

ಹೋದ ತಿಂಗಳು ಬೆಳಗಾವಿಯ ಒಂದು ಸಭೆಯಲ್ಲಿ ಹೀಗೆ ಮೊದಲು ಹಾಡಿದವಳು ಹತ್ತೊಂಬತ್ತು ವರ್ಷದ ಹುಡುಗಿ. ಸಭೆಯ ಹೆಸರು ಬೇಡ. ಹುಡುಗಿಯ ಹೆಸರನ್ನೂ ನಾನು ಬರೆಯುವದಿಲ್ಲ. ಅದಕ್ಕೆ ಕಾರಣ ಮುಂದೆ ಬರುತ್ತದೆ. ಆರು ಗಂಟೆಗೆ ಪ್ರಾರಂಭ, ನಲವತ್ತು ನಿಮಿಷ ಎಂದು ಆಕೆಗೆ ಹೇಳಿದ್ದರಂತೆ. ದೀಪ ಬೆಳಗುವ ಗಣ್ಯರು ಬಂದದ್ದು ಆರೂವರೆಗೆ. ಬಂದವರು ಮಾತಾಡಿದರು, ಮಾತಾಡಿದವರಿಗೆ ಶಾಲು ಹೊದಿಸಿದರು, ಶಾಲು ಹೊದಿಸಿದವರೂ ಎರಡು ಮಾತಾಡಿದರು. ಹುಡುಗಿ ತಂಬೂರಿ ಎತ್ತಿಕೊಂಡಾಗ ಏಳು ಗಂಟೆ ಹತ್ತು ನಿಮಿಷ. ತಬಲಾದವನು ತಂದದ್ದು ಹಿರಿಯ ಗಾಯಕರ ಸ್ವರಕ್ಕೆ ಹೊಂದುವ ತಬಲಾ. ಆಕೆಯ ಷಡ್ಜ ಕಾಳೀ ಚಾರ್. ಅದನ್ನು ಏರಿಸಿ ಏರಿಸಿ ಸುತ್ತಿಗೆಯಿಂದ ಬಡಿದು ಕೂಡಿಸುವದರಲ್ಲಿ ಇನ್ನೂ ಐದು ನಿಮಿಷ ಹೋದವು. ಮುಂದಿನ ಸಾಲಿನವರು ಊಟದ ವಿಚಾರ ಮಾತಾಡುತ್ತಿದ್ದರು.

ಆಕೆ ಹಾಡಿದ್ದು ಮಾರವಾ. ನಾನು ನೆಟ್ಟಗೆ ಕುಳಿತೆ.

ಮೊದಲು ಹಾಡುವವರು ಯಮನ ಹಾಡುತ್ತಾರೆ. ಇದು ಶಾಸ್ತ್ರವಲ್ಲ, ಅನುಭವ. ನಲವತ್ತು ವರ್ಷದಲ್ಲಿ ನಾನು ಕೇಳಿದ ಪ್ರಾರಂಭದ ಗಾಯನಗಳಲ್ಲಿ ಮುಕ್ಕಾಲು ಪಾಲು ಯಮನವೇ ಇದ್ದೀತು. ಅದರ ಕಾರಣವನ್ನು ಯಾರೂ ಆಡಿ ತೋರಿಸುವದಿಲ್ಲ. ನಮ್ಮ ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ವೇಳೆಯುಂಟು. ಸಭೆ ಪ್ರಾರಂಭವಾಗುವದು ಸೂರ್ಯ ಮುಳುಗುವ ಹೊತ್ತಿಗೆ. ಆ ಸಂಧಿಪ್ರಕಾಶದ ಹೊತ್ತಿಗೆ ಸಲ್ಲುವ ರಾಗಗಳು ಮಾರವಾ, ಪೂರಿಯಾ, ಶ್ರೀ, ಪೂರಿಯಾ ಧನಾಶ್ರೀ. ಹಾಡುಗಾರಿಕೆಯಲ್ಲಿ ಇವುಗಳಿಗಿಂತ ಕಠಿಣವಾದವು ಹೆಚ್ಚಿಲ್ಲ. ಮಾರವಾದಲ್ಲಿ ಪಂಚಮವೇ ಇಲ್ಲ. ಷಡ್ಜವಿದ್ದೂ ಅದರ ಮೇಲೆ ನಿಲ್ಲುವ ಹಾಗಿಲ್ಲ. ಕೋಮಲ ರಿಷಭದ ಮೇಲೆ ಒಂಟಿಕಾಲಿನಲ್ಲಿ ನಿಲ್ಲಬೇಕು. ಅವೇ ಸ್ವರಗಳನ್ನಿಟ್ಟುಕೊಂಡು ಗಾಂಧಾರ ನಿಷಾದಗಳ ಕಡೆಗೆ ವಾಲಿದರೆ ಅದು ಪೂರಿಯಾ ಆಗುತ್ತದೆ. ಮೇಲಿನ ಸಪ್ತಕದಲ್ಲಿ ಓಡಾಡಿದರೆ ಸೋಹನಿ. ಹೀಗೆ, ಅತ್ಯಂತ ಹರಿತವಾದ ಕತ್ತಿಯನ್ನು ಅತ್ಯಂತ ಎಳೆಯ ಕೈಗೆ ಕೊಡುವ ವ್ಯವಸ್ಥೆ ನಮ್ಮದು. ಎಳೆಯರು ಅದನ್ನು ಹಿಡಿಯುವದಿಲ್ಲ. ಭಾಷಣಗಳು ನಡೆದು ವೇಳೆ ಜಾರಿ, ರಾತ್ರಿಯ ಮೊದಲ ಪ್ರಹರ ಬಂದು, ಯಮನದ ಬಾಗಿಲು ತೆರೆಯಲೆಂದು ಕಾಯುತ್ತಾರೆ. ಗಣ್ಯರ ಭಾಷಣದಿಂದ ಸಂಗೀತಕ್ಕೆ ಏನಾದರೂ ಉಪಕಾರವಾಗಿದ್ದರೆ ಇಷ್ಟೇ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅಹೋರಾತ್ರಿ ಬೈಠಕ್‌ಗಳಿದ್ದ ಕಾಲದಲ್ಲಿ ಬೆಳಗಿನ ಭೈರವ, ತೋಡಿ, ಲಲಿತಗಳು ಕೊನೆಗೆ ಹಾಡುವ ಹಿರಿಯರ ಪಾಲಿಗೆ ಹೋಗುತ್ತಿದ್ದವು. ಎಳೆಯ ಗಾಯಕನು ಬೆಳಗಿನ ರಾಗವನ್ನು ಗುರುವಿನ ಮನೆಯಲ್ಲಿ ಹತ್ತು ವರ್ಷ ಅಭ್ಯಾಸ ಮಾಡಿಯಾನು. ಜನರ ಮುಂದೆ ಒಮ್ಮೆಯೂ ಹಾಡಿರಲಾರ. 2000ದ ಶಬ್ದಮಾಲಿನ್ಯದ ನಿಯಮಗಳು ಬಂದ ಮೇಲೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಿಯಮ ತಪ್ಪೆಂದು ನಾನು ಹೇಳಲಾರೆ. ನನ್ನ ಮನೆಯೂ ಮಂಗಲ ಕಾರ್ಯಾಲಯದ ಪಕ್ಕದಲ್ಲಿದೆ. ಆದರೆ ಅಹೋರಾತ್ರಿಯ ಸಭೆಗಳು ವಿರಳವಾದ ಮೇಲೆ ಹಿರಿಯರೂ ಸಂಜೆಯೊಳಗೇ ಬಂದು ಕುಳಿತರು, ಎಳೆಯರ ನಲವತ್ತು ನಿಮಿಷ ಇಪ್ಪತ್ತೆರಡಾಯಿತು.

ಹುಡುಗಿಗೆ ದೊರೆತದ್ದು ಆ ಇಪ್ಪತ್ತೆರಡು ನಿಮಿಷವೇ. ವಿಲಂಬಿತದಲ್ಲಿ ಷಡ್ಜವನ್ನು ತಪ್ಪಿಸಿ ತಪ್ಪಿಸಿ ಆಕೆ ರಿಷಭಕ್ಕೆ ಬಂದು ನಿಂತ ಬಗೆ ನಿಜವಾಗಿ ಚೆನ್ನಾಗಿತ್ತು. ಎರಡನೆಯ ಆವರ್ತನದಲ್ಲಿ ಮಂದ್ರದ ನಿಷಾದದ ಮೇಲೆ ಬೇಕಾದುದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಳು. ಮಾರವಾ ಕದಲಿ ಪೂರಿಯಾದ ನೆರಳು ಬಿತ್ತು. ಆಕೆಗೇ ಅದು ಗೊತ್ತಾಯಿತು; ಮುಖ ಕೆಂಪಾಯಿತು. ಪೇಟಿಯವರು ವಯಸ್ಸಾದವರು. ಆ ನಿಷಾದವನ್ನು ತಾವು ನುಡಿಸದೆ ಬಿಟ್ಟು ಮೆಲ್ಲಗೆ ಧೈವತವನ್ನು ತೋರಿಸಿಕೊಟ್ಟರು. ಆಕೆ ಅದನ್ನು ಹಿಡಿದು ಮೇಲೆ ಬಂದಳು. ಇಂಥದನ್ನು ಕೇಳಲಿಕ್ಕಾಗಿಯೇ ನಾನು ಸಭೆಗೆ ಹೋಗುತ್ತೇನೆ. ಅಷ್ಟರಲ್ಲಿ ವ್ಯವಸ್ಥಾಪಕರೊಬ್ಬರು ವೇದಿಕೆಯ ಮಗ್ಗುಲಿಗೆ ಬಂದು ಎರಡು ಬೆರಳು ತೋರಿಸಿದರು. ಆಕೆ ದ್ರುತಕ್ಕೆ ಹಾರಿ, ಒಂದೆರಡು ತಾನು ಎಸೆದು, ಕೈಮುಗಿದು ಎದ್ದಳು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅದು ಹಿರಿಯರ ಕಾರು ಬಂತೆಂಬ ಸುದ್ದಿಗೆ ತಟ್ಟಿದ ಚಪ್ಪಾಳೆಯೂ ಇದ್ದೀತು.

ನನ್ನ ಪಕ್ಕದಲ್ಲಿದ್ದ ಗೃಹಸ್ಥರು, 'ಇನ್ನೊಬ್ಬ ಗಂಗೂಬಾಯಿ ಆಗತಾಳ ನೋಡ್ರಿ' ಎಂದರು. ಈ 'ಇನ್ನೊಬ್ಬ' ಎಂಬ ಮಾತಿನ ಬಗೆಗೇ ನಾಲ್ಕು ಮಾತು ಬರೆಯಬೇಕೆಂದು ಅಂದಿನ ರಾತ್ರಿಯೇ ಗಾಡಿಯಲ್ಲಿ ನಿಶ್ಚಯಿಸಿದೆ.

ಬೆಳಗಾವಿಯ ಮಟ್ಟಿಗೆ ಇದಕ್ಕೆಲ್ಲ 1924 ಎಂಬುದೊಂದು ಮೂಲವರ್ಷವಿದ್ದಂತಿದೆ. ಆ ವರ್ಷದ ಏಪ್ರಿಲ್ 8ರಂದು ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹುಟ್ಟಿದರು. ಅದೇ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಜರುಗಿತು. ನೀರಿಗಾಗಿ ಆಗ ತೋಡಿದ ಬಾವಿ ಇಂದಿಗೂ ಕಾಂಗ್ರೆಸ್ ಬಾವಿಯೆನಿಸಿಕೊಂಡಿದೆ. ಆ ಅಧಿವೇಶನದಲ್ಲಿ ಸ್ವಾಗತದ ಹಾಡು ಹಾಡಿದ ಬಾಲಕಿಯರಲ್ಲಿ ಧಾರವಾಡದ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಳು. ಆಕೆಯೇ ಮುಂದೆ ಗಂಗೂಬಾಯಿ ಹಾನಗಲ್ಲರಾದರು. ದೊಡ್ಡವರು ಮಾತಾಡುವ ಮುನ್ನ ಸಣ್ಣವರು ಹಾಡಬೇಕೆಂಬ ಪದ್ಧತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿಯದು. ನೆರೆದ ಜನಸಮುದಾಯ ಬಂದದ್ದು ಗಾಂಧಿಯವರಿಗಾಗಿ, ಹಾಡು ಕೇಳಲಿಕ್ಕಲ್ಲ. ನಮ್ಮ ಹುಡುಗಿಯ ಮುಂದಿದ್ದ ಮುಂದಿನ ಸಾಲಿನವರಿಗೂ ಆ ಜನರಿಗೂ ಅಷ್ಟರ ಮಟ್ಟಿಗೆ ವ್ಯತ್ಯಾಸವಿಲ್ಲ.

ಸುಳೇಭಾವಿಯ ಬಾಲಕನ ಕಥೆ ಬೇರೆ ತೆರನಾದದ್ದು. ತಂದೆ ಸಿದ್ಧರಾಮಯ್ಯನವರು ತಾವೇ ಹಾಡಬಲ್ಲವರು. ಬಾಲಕನು ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ ಹಿರಿಯ ಗಾಯಕರ ಹಾಡನ್ನು ಆಲಾಪ, ತಾನು, ಉಸಿರು ತೆಗೆದುಕೊಳ್ಳುವ ಎಡೆ ಸಹಿತ ಹಾಗೆಯೇ ಹಾಡಿ ತೋರಿಸುತ್ತಿದ್ದ. ಏಳು ವರ್ಷದ ಸುಮಾರಿಗೆ ಮಠಾಧೀಶರೊಬ್ಬರು 'ಕುಮಾರ ಗಂಧರ್ವ' ಎಂದು ಹೆಸರು ಕೊಟ್ಟರು. ಹೆಸರು ಮೊದಲು ಬಂತು, ವಿದ್ಯೆ ಆಮೇಲೆ. 1930ರ ದಶಕದ ನಡುವಿನಲ್ಲಿ, ಹನ್ನೊಂದು ವರ್ಷದ ಈ ಬಾಲಕ ಮುಂಬಯಿಯ ಜಿನ್ನಾ ಹಾಲಿನಲ್ಲಿ ಪ್ರೊ. ಬಿ. ಆರ್. ದೇವಧರರು ಏರ್ಪಡಿಸಿದ್ದ ಪರಿಷತ್ತಿನಲ್ಲಿ ಹಾಡಿ ಇಡೀ ಸಭೆಯನ್ನು ದಂಗುಬಡಿಸಿದ ಪ್ರಸಂಗವನ್ನು ನಮ್ಮ ಹಿಂದಿನ ತಲೆಮಾರಿನ ರಸಿಕರು ತಾವೇ ಅಲ್ಲಿದ್ದವರ ಹಾಗೆ ಹೇಳುತ್ತಿದ್ದರು. ಹೇಳಿದವರೆಲ್ಲರೂ ಅಲ್ಲಿದ್ದುದು ನಿಜವಾದರೆ ಜಿನ್ನಾ ಹಾಲು ನಮ್ಮ ಸರದಾರ ಮೈದಾನಕ್ಕಿಂತ ದೊಡ್ಡದಿರಬೇಕು.

ಈ ಕಥೆಯಲ್ಲಿ ರಸಿಕರು ಜಿನ್ನಾ ಹಾಲಿಗೇ ನಿಂತುಬಿಡುತ್ತಾರೆ. ನನಗೆ ಮುಖ್ಯವೆನಿಸುವದು ಅದರ ಮುಂದಿನ ಸಂಗತಿ. ಕೀರ್ತಿ ಬಂದ ಕೂಡಲೇ ಆ ಬಾಲಕನನ್ನು 1936ರಲ್ಲಿ ಅದೇ ದೇವಧರರ ಶಾಲೆಗೆ ಸೇರಿಸಲಾಯಿತು. ಅಂದರೆ, ಎಲ್ಲ ಹಾಡಬಲ್ಲನೆಂದು ಹೆಸರಾದವನು ಮೊದಲಿನಿಂದ ಕಲಿಯಲು ಕುಳಿತ. ತಾನು ಹಾಡುತ್ತಿದ್ದುದು ಏನೆಂದು ಅಲ್ಲಿ ಅವನಿಗೆ ತಿಳಿಯತೊಡಗಿತು. ದೇವಧರರು ವಿಷ್ಣು ದಿಗಂಬರರ ಶಿಷ್ಯರಾದರೂ ಒಂದೇ ಘರಾಣೆಯ ಬೇಲಿಯೊಳಗಿರುವವರಲ್ಲ. ಅವರ ಶಾಲೆಗೆ ಎಲ್ಲ ತರದ ಗಾಯಕರು ಬಂದು ಹೋಗುತ್ತಿದ್ದರು. ಅಂಜನಿಬಾಯಿ ಮಾಲಪೇಕರರಿಂದಲೂ ಕುಮಾರರಿಗೆ ಪಾಠವಾಯಿತು. ಹತ್ತು ಹನ್ನೊಂದು ವರ್ಷ ಹೀಗೆ ಕಳೆದವು.

ಒಂದು ಊಹೆಯನ್ನು ಇಲ್ಲಿ ಸೇರಿಸುತ್ತೇನೆ, ತಿಳಿದವರು ತಿದ್ದಲಿ. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಮಾತ್ರ. ಅಷ್ಟರಲ್ಲಿಯೇ ಹಿರಿಯರು ರಾಗವನ್ನು ಸ್ಥಾಪಿಸಿ, ಬಂದಿಶನ್ನು ತೋರಿಸಿ, ತಾನು ಹಾಕಿ ಮುಗಿಸಬೇಕಾಗಿತ್ತು. ಕುಮಾರರ ಮೊದಲ ಗುರುವೆಂದರೆ ಈ ಮೂರು ನಿಮಿಷ. ಪ್ರೌಢ ವಯಸ್ಸಿನಲ್ಲಿ ಅವರು ವಿಲಂಬಿತದ ಉದ್ದನೆಯ ಬೀದಿಯನ್ನು ಬಿಟ್ಟು ಮಧ್ಯಲಯದ ಒಳದಾರಿಗಳನ್ನು ಹಿಡಿದದ್ದು, ಒಂದು ರಾಗದ ಮುಖವನ್ನು ನಾಲ್ಕೇ ಸ್ವರಗಳಲ್ಲಿ ಥಟ್ಟನೆ ತೋರಿಸುತ್ತಿದ್ದುದು, ಇದಕ್ಕೆಲ್ಲ ಸುಳೇಭಾವಿಯ ಆ ತಟ್ಟೆಗಳ ಋಣವೂ ಸ್ವಲ್ಪ ಇರಬಹುದು. ಇದಕ್ಕೆ ಕಾಯಿಲೆಯೇ ಪೂರ್ಣ ಕಾರಣವೆಂದು ಹೇಳುವವರಿದ್ದಾರೆ. ಕಾಯಿಲೆ ಸಣ್ಣದಾಗಿರಲಿಲ್ಲ. 1947ರ ಸುಮಾರಿಗೆ ಕ್ಷಯ ತಗಲಿತು. ಮರುವರ್ಷ ಒಣಹವೆಗಾಗಿ ಮಾಳವದ ದೇವಾಸಕ್ಕೆ ಹೋದರು. ಐದಾರು ವರ್ಷ ಹಾಡುವದಿರಲಿ, ಗಟ್ಟಿಯಾಗಿ ಮಾತಾಡುವದೂ ಕಷ್ಟವಾಗಿತ್ತು. ಹಾಸಿಗೆಯಲ್ಲಿ ಮಲಗಿಯೇ ಆ ಸೀಮೆಯ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿದರು. ಹೊಸ ಔಷಧಗಳ ಕೃಪೆಯಿಂದ 1953ರ ಸುಮಾರಿಗೆ ತಿರುಗಿ ವೇದಿಕೆಗೆ ಬಂದಾಗ ಒಂದು ಪುಪ್ಪುಸ ಕೈಬಿಟ್ಟಿತ್ತು. ಬಾಲಗಂಧರ್ವರನ್ನೂ ಅಬ್ದುಲ್ ಕರೀಮಖಾನರನ್ನೂ ಹಾಗೆಯೇ ಹಾಡಿ ತೋರಿಸುತ್ತಿದ್ದ ಬಾಲಕನ ಉಸಿರು ಅದರೊಡನೆ ಹೋಯಿತು. ಉಳಿದ ಉಸಿರಿನಲ್ಲಿ ಅವರು ಯಾರ ಹಾಗೂ ಹಾಡಲಿಲ್ಲ. 1965ರ 'ಅನೂಪರಾಗವಿಲಾಸ'ವನ್ನು ತೆರೆದು ನೋಡಿದರೆ ಅಲ್ಲಿರುವವು ಅವರವೇ ಬಂದಿಶುಗಳು. ಗಾಂಧೀಜಿಯವರ ಜನ್ಮಶತಾಬ್ದಿಗೆ, 1969ರಲ್ಲಿ, ಗಾಂಧೀಮಲ್ಹಾರವೆಂಬ ರಾಗವನ್ನೇ ಕಟ್ಟಿದರು. ಗಾಂಧಿಯವರು ಬೆಳಗಾವಿಗೆ ಬಂದ ವರ್ಷ ಬೆಳಗಾವಿಯ ಮಗ್ಗುಲಲ್ಲಿ ಹುಟ್ಟಿದವರ ಕಡೆಯಿಂದ ಬಂದ ತಡವಾದ ಸ್ವಾಗತಗೀತೆ ಅದೆಂದು ನಾನು ತಮಾಷೆಗೆ ಹೇಳುವದುಂಟು.

ಈಗ ನನ್ನ ತಪ್ಪಿನ ವಿಷಯ.

ಮೂವತ್ತು ವರ್ಷಗಳ ಹಿಂದೆ ಬೆಳಗಾವಿಯ ಒಂದು ಸಭೆಯಲ್ಲಿ ಖಾನಾಪುರದ ಕಡೆಯ ಬಾಲಕನೊಬ್ಬ ಮೊದಲು ಹಾಡಿದ. ಹನ್ನೊಂದು ವರ್ಷ. ತಟ್ಟೆಗಳ ಕಾಲ ಮುಗಿದು ಕ್ಯಾಸೆಟ್ಟಿನ ಕಾಲ ಬಂದಿತ್ತು. ಭೀಮಸೇನ ಜೋಶಿಯವರ ತಾನು, ಕುಮಾರರ ನಿರ್ಗುಣ ಭಜನೆಯಲ್ಲಿ ಸ್ವರವನ್ನು ಥಟ್ಟನೆ ಕಡಿದುಬಿಡುವ ರೀತಿ, ಎಲ್ಲವನ್ನೂ ಆತ ಒಂದು ಕೂದಲೆಳೆ ತಪ್ಪದೆ ಹಾಡಿದ. ಸಭೆ ಎದ್ದು ನಿಂತಿತು. ನಾನೂ ಎದ್ದು ನಿಂತೆ. ಅಂದಿನ ರಾತ್ರಿಯ ಗಾಡಿಯನ್ನು ತಪ್ಪಿಸಿಕೊಂಡು ಸ್ನೇಹಿತರ ಮನೆಯಲ್ಲಿ ಕುಳಿತು ಒಂದು ಲೇಖನ ಬರೆದೆ. 'ಸುಳೇಭಾವಿಯ ನಂತರ ಖಾನಾಪುರ' ಎಂಬ ಅರ್ಥದ ವಾಕ್ಯ ಅದರಲ್ಲಿತ್ತು. ಬಾಲಕನ ಹೆಸರು ಮೂರು ಸಲ ಬಂದಿತ್ತು. ಕುಮಾರರು ತೀರಿಕೊಂಡು (1992ರ ಜನವರಿ) ಕೆಲವೇ ವರ್ಷವಾಗಿತ್ತು. ಇನ್ನೊಬ್ಬರಿಗಾಗಿ ಎಲ್ಲರ ಕಿವಿಗಳೂ ಹಸಿದಿದ್ದವೆಂದು ಬೇಕಾದರೆ ಸಮಾಧಾನ ಹೇಳಿಕೊಳ್ಳಬಹುದು.

ಲೇಖನದಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಜಿನ್ನಾ ಹಾಲಿನ ಮಾತು ಬರೆದವನು ದೇವಧರರ ಶಾಲೆಯ ಮಾತು ಬರೆಯಲಿಲ್ಲ. ಬಾಲಕನ ತಂದೆ ಆ ಲೇಖನವನ್ನು ಹಿಡಿದುಕೊಂಡು ಊರೂರು ತಿರುಗಿದರು. ಗಣೇಶೋತ್ಸವ, ಗ್ಯಾದರಿಂಗ್, ಬ್ಯಾಂಕಿನ ವಾರ್ಷಿಕೋತ್ಸವ, ಎಲ್ಲ ಕಡೆಗೂ ಬಾಲಕನೇ ಮೊದಲು ಹಾಡಿದ; ಎಲ್ಲ ಕಡೆಗೂ ಅವೇ ಎರಡು ಕ್ಯಾಸೆಟ್ಟುಗಳು. ಹದಿನಾಲ್ಕನೆಯ ವರ್ಷಕ್ಕೆ ಕಂಠ ಒಡೆಯಿತು. ಆ ಹೊತ್ತಿಗೆ ಗುರುವಿದ್ದವನಿಗೆ ಗುರು ಹೇಳುತ್ತಾನೆ: ಸುಮ್ಮನಿರು, ಎರಡು ವರ್ಷ ಮಂದ್ರದಲ್ಲಿ ಖರ್ಜ ಸಾಧನೆ ಮಾಡು, ಬೇಕಾದರೆ ಪೇಟಿ ಬಾರಿಸು. ಇವನಿಗೆ ಯಾರೂ ಹೇಳಲಿಲ್ಲ. ಒಪ್ಪಿಕೊಂಡ ಕಾರ್ಯಕ್ರಮಗಳಿದ್ದವು. ಒಡೆದ ಕಂಠದ ಮೇಲೆಯೇ ತಾರಷಡ್ಜ ಹಾಕಿಸಿದರು.

ಆತ ಈಗ ಖಾನಾಪುರದಲ್ಲಿ ಹಂಚು ಇಟ್ಟಂಗಿಗಳ ವ್ಯಾಪಾರದ ಒಂದು ಪೇಢಿಯಲ್ಲಿ ಲೆಕ್ಕ ಬರೆಯುತ್ತಾನೆ. ನಮ್ಮ ಊರಿನ ಕೆಂಪು ಮಣ್ಣು ಸುಟ್ಟರೆ ಗಟ್ಟಿಯಾಗುತ್ತದೆ, ಆ ವ್ಯಾಪಾರಕ್ಕೆ ಹೆಸರಾದ ಊರು. ದಾರಿಯಲ್ಲಿ ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಿದ್ದ. ನಾನು ಮಾತು ಬೆಳೆಸುತ್ತಿರಲಿಲ್ಲ. ಹೋದ ವರ್ಷ ಮನೆಯ ಮಾಡು ಸೋರತೊಡಗಿ ಹಂಚು ಕೊಳ್ಳಲು ಹೋದವನು ಧೈರ್ಯ ಮಾಡಿ ಆ ಲೇಖನದ ಮಾತೆತ್ತಿದೆ. ಆತ ನಕ್ಕ. 'ನಿಮ್ಮದೇನೂ ತಪ್ಪಿಲ್ರಿ ಸರ. ನೀವು ಛಲೋನ ಬರದಿದ್ರಿ. ಅಪ್ಪ ಅದನ್ನ ಕಾಚ ಹಾಕಿಸಿ ಪಡಸಾಲ್ಯಾಗ ತೂಗ ಹಾಕ್ಯಾನ. ನಾ ಊಟಕ್ಕ ಕುಂಡ್ರೂದು ಅದರ ಎದುರಿಗೇ ರಿ' ಎಂದ. ಹಂಚಿನ ಲೆಕ್ಕದಲ್ಲಿ ಹತ್ತು ರೂಪಾಯಿ ಬಿಟ್ಟುಕೊಟ್ಟ.

ಹುಡುಗಿಯ ಹೆಸರನ್ನು ನಾನೇಕೆ ಬರೆಯಲಿಲ್ಲವೆಂಬುದು ಈಗ ಓದುಗರಿಗೆ ತಿಳಿದಿರಬೇಕು.

'ಇನ್ನೊಬ್ಬ ಗಂಗೂಬಾಯಿ' ಎಂದ ಗೃಹಸ್ಥರಿಗೂ ಒಂದು ಮಾತು ಹೇಳುವದಿದೆ. ಯಾವ ಗಂಗೂಬಾಯಿ? ಅವರು 1930ರ ದಶಕದಲ್ಲಿ ಕೊಟ್ಟ ತಟ್ಟೆಗಳನ್ನು ಕೇಳಿದವರು ಬಲ್ಲರು: ಅದು ತೆಳ್ಳಗಿನ, ಮೇಲಕ್ಕೆ ಸಲೀಸಾಗಿ ಓಡುವ, ಹೆಣ್ಣುಮಗಳ ಕಂಠ. ಆಮೇಲೆ ಗಂಟಲಿನ ಬೇನೆಯ ಚಿಕಿತ್ಸೆಯ ನಂತರ ಅದು ಇಳಿದು, ದಪ್ಪವಾಗಿ, ನಾವೆಲ್ಲ ಕೇಳಿದ ಆ ಗಂಡುದನಿಯಂಥ ಘನವಾದ ದನಿಯಾಯಿತು. ಸವಾಯಿ ಗಂಧರ್ವರಲ್ಲಿ ಕಲಿತ ಕಿರಾಣಾ ಗಾಯಕಿಯನ್ನು ಅವರು ಆ ಹೊಸ ದನಿಗೆ ಒಗ್ಗಿಸಿಕೊಂಡರು. ಬೆಳಗಾವಿ ಅಧಿವೇಶನದಲ್ಲಿ ಹಾಡಿದ ದನಿಗೂ ಮುಂದೆ ದೇಶವೆಲ್ಲ ಕೇಳಿದ ದನಿಗೂ ಸಂಬಂಧವೇ ಇಲ್ಲವೆನ್ನಬಹುದು. ಕುಮಾರರ ಉಸಿರು ಹೋಯಿತು, ಗಂಗೂಬಾಯಿಯವರ ಕಂಠ ಹೋಯಿತು. ಇಬ್ಬರೂ ಜನ ಮೆಚ್ಚಿದ ಮೊದಲ ದನಿಯನ್ನು ಕಳೆದುಕೊಂಡ ಮೇಲೆ ದೊಡ್ಡವರಾದರು. ನಮ್ಮ ಖಾನಾಪುರದವನೂ ಮೊದಲ ದನಿಯನ್ನು ಕಳೆದುಕೊಂಡ. ಎರಡನೆಯದನ್ನು ಹುಡುಕಿಕೊಳ್ಳಲು ಅವನಿಗೆ ಯಾರೂ ವೇಳೆ ಕೊಡಲಿಲ್ಲ.

ಇದು ನಮ್ಮ ಸಂಗೀತದ ಪಾಡು ಮಾತ್ರವೇ ಎಂದರೆ ಅಲ್ಲ. ನನ್ನ ಮೊಮ್ಮಗ ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಿಟಾರು ಹಿಡಿದು ರಾಕ್ ಎಂಬ ಸಂಗೀತ ಬಾರಿಸುತ್ತಾನೆ. ಗ್ಯಾದರಿಂಗಿನಲ್ಲಿ ಅವನ ತಂಡಕ್ಕೆ ಸಿಕ್ಕುವದೂ ಹದಿನೈದೇ ನಿಮಿಷ, ಸಿನೇಮಾ ಹಾಡಿನವರು ಬರುವವರೆಗೆ. ಅವನ ಬಾಯಿಂದ ಕೇಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಜಿಮಿ ಹೆಂಡ್ರಿಕ್ಸ್ ಎಂಬ ಅಮೇರಿಕೆಯ ಗಿಟಾರುವಾದಕ 1967ರ ಜೂನಿನಲ್ಲಿ ಮಾಂಟೆರೇ ಎಂಬ ಉತ್ಸವದಲ್ಲಿ ಬಾರಿಸಿ ಬಲ್ಲವರನ್ನೆಲ್ಲ ಬೆರಗುಗೊಳಿಸಿದ. ಮರುತಿಂಗಳೇ ಅವನನ್ನು ಮಂಕೀಸ್ ಎಂಬ ಜನಪ್ರಿಯ ತಂಡದ ಸಭೆಗಳಲ್ಲಿ ಮೊದಲು ಬಾರಿಸಲು ಇಟ್ಟರು. ಆ ತಂಡವನ್ನು ನೋಡಲು ಬಂದ ಎಳೆಯ ಹುಡುಗಿಯರು ಇವನು ಬಾರಿಸುತ್ತಿರುವಾಗಲೇ ಅವರ ಹೆಸರು ಹಿಡಿದು ಕೂಗುತ್ತಿದ್ದರಂತೆ. ಎರಡು ವಾರವೂ ತುಂಬುವ ಮೊದಲೇ ಆತ ಕೈಮುಗಿದು ಹೊರಬಿದ್ದ. ಆ ಕೂಗಿನಲ್ಲಿ ತಪ್ಪೇನೂ ಇಲ್ಲ; ಮಕ್ಕಳು ದುಡ್ಡು ಕೊಟ್ಟದ್ದು ಬೇರೆಯವರಿಗಾಗಿ. ಇಂಗ್ಲೆಂಡಿನ ಬೀಟಲ್ಸರು 1963ರ ಫೆಬ್ರುವರಿಯಲ್ಲಿ ಹೆಲೆನ್ ಶಾಪಿರೊ ಎಂಬ ಹದಿನಾರರ ಗಾಯಕಿಯ ಸಂಚಾರದಲ್ಲಿ ಅವಳಿಗಿಂತ ಮುಂಚೆ ಬಾರಿಸುವವರಾಗಿ ಹೊರಟರು. ಆದರೆ ಅವರಿಗೆ ಅದಕ್ಕೂ ಮೊದಲು, 1960ರಿಂದ 1962ರವರೆಗೆ, ಹ್ಯಾಂಬರ್ಗ್ ಪಟ್ಟಣದ ಕ್ಲಬ್ಬುಗಳಲ್ಲಿ ರಾತ್ರಿಯೊಂದಕ್ಕೆ ಐದಾರು ತಾಸು ಬಾರಿಸಿದ ಅಭ್ಯಾಸವಿತ್ತು. ಅಲ್ಲಿ ಕುಡಿಯಲು ಬಂದವರು ಬಹಳ ರಸಿಕರೇನೂ ಆಗಿರಲಾರರು. ಆದರೆ ಎರಡು ಬೆರಳು ತೋರಿಸುವವರು ಇರಲಿಲ್ಲ. ಅಷ್ಟು ಹೊತ್ತ ಬಾರಿಸುವವನಿಗೆ ತಪ್ಪು ಮಾಡಲು ಜಾಗವಿರುತ್ತದೆ, ಬಾಯಿಪಾಠ ಮಾಡಿದ್ದು ಮುಗಿದುಹೋಗಿ ತನ್ನದನ್ನು ತೆಗೆಯಲೇಬೇಕಾಗುತ್ತದೆ.

ನಮ್ಮ ಬೆಳಗಾವಿಯಲ್ಲಿಯೂ ಅಂಥ ಜಾಗಗಳಿದ್ದವು. ವಝೆಬುವಾ ಅವರಲ್ಲಿ ಗಾಯನ ಕಲಿತು ಪೇಟಿಗೆ ಹೆಸರಾದ ರಾಮಭಾವು ವಿಜಾಪುರೆಯವರು (1917–2010) ಹಿಂದುಸ್ತಾನಿ ಸಂಗೀತದ ದೊಡ್ಡ ದೊಡ್ಡವರಿಗೆಲ್ಲ ಸಾಥಿ ಕೊಟ್ಟ ಕೈಗಳಿಂದಲೇ ಈ ಊರಿನ ಮಕ್ಕಳಿಗೆ ದಶಕಗಟ್ಟಲೆ ಪಾಠ ಹೇಳಿದರು. ಅಂಥವರ ಮನೆಯ ಜಮಖಾನೆಯ ಮೇಲೆ ಹಾಡುವವನಿಗೆ ಮುಂದಿನ ಸಾಲು ಇರುವದಿಲ್ಲ. ಈಗ ನಗರದಲ್ಲಿ ಕುಮಾರ ಗಂಧರ್ವರ ಹೆಸರಿನ ರಂಗಮಂದಿರವಿದೆ. ಶತಾಬ್ದಿಯ ವರ್ಷ 2024ರಲ್ಲಿ ಅವರ ಹೆಸರಿನಲ್ಲಿ ಭಾಷಣಗಳಿಗೇನೂ ಕೊರತೆಯಾಗಲಿಲ್ಲ. ಆದರೆ ಎಳೆಯನೊಬ್ಬ ಎರಡು ತಾಸು ಕುಳಿತು ಕೆಟ್ಟದಾಗಿ ಹಾಡಬಹುದಾದ ಕೋಣೆಯೊಂದನ್ನು ತೋರಿಸಿರೆಂದರೆ ನನಗೆ ಥಟ್ಟನೆ ಹೇಳಲು ಬರುವದಿಲ್ಲ.

ಅದಕ್ಕೆ, ನನ್ನ ಕೈಲಾದದ್ದನ್ನು ಮಾಡಿದೆ. ಹುಡುಗಿಯ ಗುರುಗಳಿಗೆ ಹೇಳಿಕಳಿಸಿದೆ. ಹೋದ ರವಿವಾರ ಅವರಿಬ್ಬರೂ ಪೇಟಿಯ ಆ ವೃದ್ಧರನ್ನೂ ಕರೆದುಕೊಂಡು ಬೆಳಗಿನ ಗಾಡಿಗೆ ಖಾನಾಪುರಕ್ಕೆ ಬಂದರು. ಮಳೆ ಹಿಡಿದಿತ್ತು, ಮಲಪ್ರಭೆ ಕೆಂಪಗೆ ಹರಿಯುತ್ತಿದ್ದಳು. ನಮ್ಮ ಪಡಸಾಲೆಯಲ್ಲಿ ಹದಿನಾಲ್ಕು ಜನ ಕುಳಿತಿದ್ದೆವು, ಅರ್ಧ ಜನ ಕನ್ನಡದವರು, ಅರ್ಧ ಜನ ಮರಾಠಿಯವರು. ಹಂಚಿನ ಪೇಢಿಯವನಿಗೂ ಹೇಳಿದ್ದೆ; ಬರಲಾರನೆಂದುಕೊಂಡಿದ್ದೆ. ಬಂದು ಬಾಗಿಲ ಹತ್ತಿರ ಕುಳಿತ. ಯಾವ ರಾಗ ಎಂದು ಹುಡುಗಿ ಕೇಳಿದಳು. 'ಬೆಳಗಿನದು ಯಾವದಾದರೂ ಆಗಲೆವ್ವಾ' ಎಂದೆ. ನಾಲ್ಕು ವರ್ಷದಿಂದ ತೋಡಿ ಕಲಿಯುತ್ತಿದ್ದಾಳಂತೆ. ಗುರುಗಳ ಎದುರಿಗಲ್ಲದೆ ಯಾರ ಮುಂದೆಯೂ ಹಾಡಿಲ್ಲವಂತೆ. ತಂಬೂರಿಗೆ ಯಾರೂ ಇರಲಿಲ್ಲ. ಆಕೆಯ ಮೊಬೈಲಿನಲ್ಲಿ ತಂಬೂರಿಯ ದನಿಯಿತ್ತು, ಆದರೆ ನಮ್ಮ ಮನೆಯಲ್ಲಿ ಹಳೆಯ ಮಿರಜ ತಂಬೂರಿ ಇದೆ. ಬಾಗಿಲ ಹತ್ತಿರ ಕುಳಿತಿದ್ದವನು ಎದ್ದು ಬಂದು, ಯಾರನ್ನೂ ಕೇಳದೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಸ್ವರಕ್ಕೆ ಕೂಡಿಸಿದ. ಕಿವಿ ಕೆಟ್ಟಿರಲಿಲ್ಲ.

ತೋಡಿ ಚೆನ್ನಾಗಿ ಆಯಿತೆಂದು ನಾನು ಬರೆಯಲಾರೆ. ಆ ರಾಗದ ಗಾಂಧಾರ ಸಾಮಾನ್ಯ ಕೋಮಲಕ್ಕಿಂತಲೂ ಇಳಿದಿರಬೇಕು. ಆಕೆಯದು ಬಹಳ ಹೊತ್ತು ಮೇಲೆಯೇ ತೇಲುತ್ತಿತ್ತು. ಅರ್ಧ ತಾಸಿಗೆ ಕಲಿತ ಆಲಾಪವೆಲ್ಲ ತೀರಿತು. ಆಕೆ ನಿಲ್ಲಿಸಿ ಗುರುಗಳ ಮುಖ ನೋಡಿದಳು. ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಮತ್ತೆ ಷಡ್ಜದಿಂದ ಎತ್ತಿದಳು. ಐವತ್ತನೆಯ ನಿಮಿಷದ ಹೊತ್ತಿಗೆ ಧೈವತದಿಂದ ಇಳಿಯುತ್ತ, ಪಂಚಮವನ್ನು ಬಿಟ್ಟು, ಎಲ್ಲಿಯೂ ಕೇಳಿರದ ಒಂದು ತಿರುವಿನಲ್ಲಿ ಗಾಂಧಾರಕ್ಕೆ ಬಂದಳು, ಅದು ಸರಿಯಾಗಿ ಇರಬೇಕಾದಲ್ಲಿಯೇ ಇತ್ತು. ಪೇಟಿಯವರ ಕೈ ನಿಂತಿತು. ಯಾರೂ ವಾಹವಾ ಎನ್ನಲಿಲ್ಲ. ಮರುಕ್ಷಣವೇ ಆಕೆ ಅದನ್ನು ಕಳೆದುಕೊಂಡು, ಹುಡುಕುತ್ತ ಹುಡುಕುತ್ತ ಬಂದಿಶ್ ಮುಗಿಸಿದಳು.

ಅವಲಕ್ಕಿ, ಚಹಾ ಆಯಿತು. ಬೆಳಗಾವಿಯ ಕಡೆಗೆ ಹೋಗುವ ಗಾಡಿಗೆ ಇನ್ನೂ ಒಂದೂವರೆ ತಾಸು ಇತ್ತು. 'ಇನ್ನೊಮ್ಮೆ ಮೊದಲಿನಿಂದ ಹಾಡಲೇನ್ರಿ ಅಜ್ಜಾರ?' ಎಂದಳು. ಆತ ಆಗಲೇ ತಂಬೂರಿ ಎತ್ತಿಕೊಂಡು ಜೋಡುತಂತಿ ಮಿಡಿದು ನೋಡುತ್ತಿದ್ದ.